ಪ್ರತಿ ತಿರುವೂ ಸವಾಲಾಗಬೇಕು

ಹನುಮಸಾಗರದಿಂದ ಹೊರಟು ಹನುಮಸಾಗರವನ್ನೇ ತಲುಪುವ ಹೊಸ ರಸ್ತೆಯ ಕಾಮಗಾರಿ ಯಶಸ್ವಿಯಾಗಿ ಪೂರ್ಣಗೊಂಡಿದೆ. ನಕ್ಷೆಯ ಪ್ರಕಾರ ಅದು ಕುಷ್ಟಗಿಗೆ ಹೋಗಬೇಕಿತ್ತು. ಆದರೆ ಪ್ರಭಾವಿಗಳ ಹೊಲ ಎದುರಾದಾಗಲೆಲ್ಲ ರಸ್ತೆ ಸೌಜನ್ಯದಿಂದ ಎಡಕ್ಕೆ ತಿರುಗಿತು. ತಿರುಗಲು ಬೇಕಾದ ಜಾಗವನ್ನು ಪ್ರಭಾವಿಗಳಲ್ಲದವರು ಒದಗಿಸಿದರು. ಹೀಗೆ ತಿರುಗುತ್ತ ತಿರುಗುತ್ತ ಅದು ಹೊರಟ ಜಾಗಕ್ಕೇ ಬಂದು ಸೇರಿತು.

ಇಂಥ ರಸ್ತೆಯನ್ನು ಉದ್ಘಾಟಿಸಬೇಕಾದರೆ ಅದಕ್ಕೊಂದು ಉದ್ದೇಶ ಇರಬೇಕು. ಉದ್ದೇಶ ಹುಡುಕಲು ‘ವರ್ತುಲ ರಸ್ತೆ ಸದ್ಬಳಕೆ ಸಮಿತಿ’ ರಚನೆಯಾಯಿತು. ಗುತ್ತಿಗೆದಾರ ಪಂಪಾಪತಿಯವರು ಅಧ್ಯಕ್ಷರಾದರು. ರಸ್ತೆ ಮಾಡಿದವರೂ ಅವರೇ ಆದ್ದರಿಂದ ಅದರ ಬಗ್ಗೆ ಅವರನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಹೊರಟಲ್ಲಿಗೇ ಬಂದು ಮುಟ್ಟುವ ರಸ್ತೆಯನ್ನು ಲೋಕದಲ್ಲಿ ಕಾರ್ ರೇಸಿಗೆ ಬಳಸುತ್ತಾರೆಂದು ಸಮಿತಿ ಮೊದಲ ಸಭೆಯಲ್ಲೇ ಪತ್ತೆ ಮಾಡಿತು.

ಬೆಂಗಳೂರಿನಿಂದ ಸಿದ್ಧಾರ್ಥ ಎಂಬ ರೇಸ್ ತಜ್ಞರನ್ನು ಕರೆಸಲಾಯಿತು. ಅವರಿಗೆ ಎಲ್ಲವೂ ಹಿಡಿಸಿತು. ಉದ್ದನೆಯ ನೇರ ಓಟ, ಅದು ಮುಗಿಯುತ್ತಲೇ ಬ್ರೇಕು ಕಾಯಿಸುವ ತಿರುವು, ಆಚೆ ಏನಿದೆಯೆಂದೇ ಕಾಣದ ಏರು.

“ಟೈರಿನ ಹಿಡಿತ ಮಾರಿಗೊಂದು ಥರ ಬದಲಾಗುತ್ತೆ. ಡಾಂಬರನ್ನ ಬೇಕಂತಲೇ ಹೀಗೆ ಹಾಕಿದ್ರಾ?”

“ಹೌದ್ರಿ, ಭಾಳ ಮುತುವರ್ಜಿಯಿಂದ ಹಾಕೀವ್ರಿ,” ಎಂದರು ಪಂಪಾಪತಿ.

“ಒಳ್ಳೇದು. ಆದರೆ ಇಷ್ಟೇ ಸಾಲದು ಸರ್. ಡ್ರೈವರಿಗೆ, ಕಾರಿಗೆ, ಪ್ರತಿ ತಿರುವೂ ಸವಾಲಾಗಬೇಕು.”

ನಮ್ಮ ಕಡೆ ಸವಾಲು ಎಂದರೆ ಹರಾಜು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯಾಗಲಿ, ಗುಡಿಯಲ್ಲಿ ತೆಂಗಿನಕಾಯಿಯಾಗಲಿ, ಕೂಗಿ ಕೊಟ್ಟರೆ ಸವಾಲಾಯಿತು ಎನ್ನುತ್ತೇವೆ. ತಜ್ಞರ ಸಲಹೆಯನ್ನು ಸಮಿತಿ ಅಕ್ಷರಶಃ ಪಾಲಿಸಿತು. ಮರುದಿನವೇ ಆಟೋದ ಮೈಕಿನಲ್ಲಿ ಪ್ರಕಟಣೆ ಹೊರಬಿತ್ತು:

“ವರ್ತುಲ ರಸ್ತೆಯ ತಿರುವುಗಳನ್ನು ಇದ್ದ ಸ್ಥಿತಿಯಲ್ಲೇ ಬಹಿರಂಗ ಸವಾಲು ಮಾಡಲಾಗುವುದು. ಹಿಡಿದವರು ತಮ್ಮ ತಿರುವನ್ನು ಯಾವ ಸದುದ್ದೇಶಕ್ಕಾದರೂ ಬಳಸಬಹುದು. ತಿರುವನ್ನು ನೇರ ಮಾಡುವಂತಿಲ್ಲ.”

ಮಾರುಕಟ್ಟೆಯಲ್ಲಿ ಸವಾಲು ಕೂಗುವ ಮೆಹಬೂಬಸಾಬರೇ ಇಲ್ಲೂ ಕೂಗಿದರು. ಮೊದಲ ತಿರುವು ಮಿರ್ಚಿ ಭಜಿ ಬಂಡಿಗೆ ಹೋಯಿತು. ನಂತರದ್ದು ಅಧ್ಯಕ್ಷರ ಭಾವಮೈದುನನಿಗೆ, ಪೆಂಡಾಲು ಹಾಕಲು. ಏರಿನ ಆಚೆಯ ಕೊನೆಯ ತಿರುವನ್ನು ಮಾತ್ರ ಯಾರೂ ಕೇಳಲಿಲ್ಲ.

“ಛಲೋ ಗಾಳಿ ಬೀಸೋ ಜಾಗಾ! ಹೇಳ್ರಿ, ಯಾರರ ಹೇಳ್ರಿ!”

ಹಿಂದಿನಿಂದ ರೈತ ಹೆಂಗಸು ಹೊಳಿಯಮ್ಮ ಎದ್ದಳು. “ಒಂದ್ ಚೀಲ ಹುರಳಿ.”

ಜನ ನಕ್ಕರು. ಮೆಹಬೂಬಸಾಬರು ನಗಲಿಲ್ಲ. “ಏನಬೇ ಯಕ್ಕಾ, ತಿರುವು ತಗೊಂಡು ಏನ್ ಮಾಡ್ತಿ?”

“ಅದು ನಿಮಗ ತಿರುವು, ನನಗ ಕಣ. ನಿಮ್ಮ ರಸ್ತೆ ಬಂದು ನನ್ನ ಕಣ ನುಂಗೇತಿ. ವರ್ಷದ ಹುರಳಿ ಬಣವಿ ಒಟ್ಟೀನಿ, ಮ್ಯಾಲೆ ಮೋಡ ಆಗೇತಿ. ತೋಯ್ದ್ರ ಎಲ್ಲಾ ಕೊಳೀತೈತಿ. ಎಲ್ಲಿ ತುಳಿಸಿ ಕಾಳು ಉದುರಿಸಿ ರಾಶಿ ಮಾಡ್ಲಿ, ನಿನ್ನ ತಲಿ ಮ್ಯಾಲ?”

“ಆತು, ಚೀಲ ಎಲ್ಲೈತಿ?”

“ರಾಶಿ ಆದ ಮ್ಯಾಲ ಕೊಡ್ತೀನಿ.”

ಬೇರೆ ಗಿರಾಕಿ ಇಲ್ಲದ ಕಾರಣ ಮೂರು ಸಲ ಕೂಗಿ ಕೊಟ್ಟುಬಿಟ್ಟರು.

ರೇಸಿನ ದಿನ ಪುಣೆ, ಕೊಯಮತ್ತೂರುಗಳಿಂದ ನೆಲಕ್ಕಂಟಿದಂಥ ಕಾರುಗಳು ಬಂದವು. ಕೊನೆಯ ತಿರುವಿನಲ್ಲಿ ಹೊಳಿಯಮ್ಮ ಹುರುಳಿಯನ್ನು ಬೇರು ಕಾಯಿ ಸಮೇತ ಅಂಚಿನಿಂದ ಅಂಚಿಗೆ ಹರವಿದ್ದಳು. ಸಿದ್ಧಾರ್ಥ ಓಡೋಡಿ ಬಂದರು.

“ಸರ್, ಕಾರುಗಳು ಜಾರುತ್ತವೆ!”

“ಸವಾಲಾಗೇತ್ರಿ, ರದ್ದು ಮಾಡಾಕ ಬರಂಗಿಲ್ಲ,” ಎಂದರು ಪಂಪಾಪತಿ. “ಅಲ್ಲದ ರಾಶಿ ಆಗ್ಲಿಲ್ಲಂದ್ರ ಸಮಿತಿಗೆ ಬರೋ ಚೀಲ ಕೈ ತಪ್ಪಿ ಹೋಕ್ಕೈತಿ.”

ಏರು ಹತ್ತಿ ಇಳಿದ ಕಾರುಗಳು ಹುರುಳಿ ಕಂಡು ಬ್ರೇಕು ಹಾಕಿದವು, ಜಾರಿದವು, ಬುಗುರಿಯಂತೆ ಸುತ್ತಿದವು, ಮುಖ ಸರಿಯಾದ ಕಡೆಗೆ ಬಂದಾಗ ಮುಂದೆ ಹೋದವು. ಸುತ್ತಿದಾಗಲೆಲ್ಲ ಕಾಳು ಚೆನ್ನಾಗಿ ಉದುರಿತು.

“ಏ ಕೆಂಪು ಕಾರಿನ ತಮ್ಮಾ!” ರಸ್ತೆಯ ಪಕ್ಕದಿಂದ ಹೊಳಿಯಮ್ಮ ಕೂಗಿದಳು. “ನಡಬರಕಷ್ಟ ತುಳದ್ರ ಹೆಂಗೋ? ದಂಡಿಗೆ ಬಾ, ದಂಡಿಗೆ!”

ಕೆಂಪು ಕಾರು ದಂಡೆಗೆ ಬಂತು.

ನಿಗದಿತ ಸುತ್ತುಗಳು ಮುಗಿದರೂ ಕಾಯಿ ಪೂರ್ತಿ ಒಡೆದಿರಲಿಲ್ಲ. ಸಮಿತಿ ಪೆಂಡಾಲಿನಲ್ಲೇ ತುರ್ತು ಸಭೆ ಸೇರಿ, ಭಜಿ ಮುಗಿಯುವುದರೊಳಗೆ ಹೊಸ ನಿಯಮ ಅಂಗೀಕರಿಸಿತು: “ರಾಶಿ ಮುಗಿಯುವ ತನಕ ಸ್ಪರ್ಧೆ ಮುಗಿದಂತಲ್ಲ.” ಡ್ರೈವರುಗಳು ನಿಯಮಕ್ಕೆ ತಲೆಬಾಗಿ ಮತ್ತೆ ಸುತ್ತಿದರು.

ಸಂಜೆಗೆ ಮೋಡ ಗುಡುಗಿತು. ರಾಶಿ ಸಾಕೆನಿಸಿ, ಚೀಲ ಹೇರಲು ಬಂದಿದ್ದ ಅಫ್ರೋಜನ ಟಂಟಂ ಆಟೋವನ್ನು ಕರೆಯಲು ಹೊಳಿಯಮ್ಮ ತನ್ನ ಕರಿ-ಬಿಳಿ ಚೌಕಳಿ ಟವೆಲ್ಲನ್ನು ಬೀಸಿದಳು. ಚೌಕಳಿ ಬಾವುಟ ಕಂಡರೆ ರೇಸು ಮುಗಿಯಿತೆಂದು ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲರೂ ನಿಂತರು. ಎಲ್ಲರಿಗಿಂತ ಮುಂದೆ ಟಂಟಂ ಇತ್ತು.

ಪ್ರಥಮ ಬಹುಮಾನದ ಬಟ್ಟಲನ್ನು ಅಫ್ರೋಜ ಸ್ವೀಕರಿಸಿದ. ಯಾಕೆಂದು ಕೇಳಲಿಲ್ಲ, ಚೆಲ್ಲಿದ ಕಾಳು ತುಂಬಲು ಅನುಕೂಲವಾಯಿತು. ಕೊನೆಯ ಚೀಲಕ್ಕೆ ತಾಡಪಾಲು ಹೊಚ್ಚುವಷ್ಟರಲ್ಲಿ ಮೊದಲ ಹನಿ ಬಿತ್ತು. ಸಮಿತಿಯ ಚೀಲ ಸುರಕ್ಷತೆಯ ದೃಷ್ಟಿಯಿಂದ ಅಧ್ಯಕ್ಷರ ಮನೆ ಸೇರಿತು.

ಇಂಥ ಕಠಿಣ ತಿರುವನ್ನು ತಾವು ಎಲ್ಲೂ ಕಂಡಿಲ್ಲವೆಂದು ಡ್ರೈವರುಗಳು ಒಕ್ಕೊರಲಿನಿಂದ ಹೇಳಿದ್ದಾರೆ. ಮುಂದಿನ ರೇಸಿನ ದಿನಾಂಕವನ್ನು ಸುಗ್ಗಿ ನೋಡಿಕೊಂಡು ನಿಗದಿಪಡಿಸಲಾಗುವುದು. ಮೊನ್ನೆ ಸಿದ್ಧಾರ್ಥ ಹೊಳಿಯಮ್ಮನಿಗೇ ಫೋನು ಮಾಡಿದ್ದರು.

“ಅಮ್ಮಾ, ಮುಂದಿನ ವರ್ಷ ಯಾವ ಬೆಳೆ? ಮೊದಲೇ ಹೇಳಿದರೆ ಟೈರು ಆರಿಸಿಕೊಳ್ತಾರಂತೆ.”

“ಕಡ್ಲಿ ಬಿತ್ತಬೇಕಂತ ಮಾಡೀನಪಾ. ಆ ಕೆಂಪು ಕಾರಿನಾಂವನ್ನ ಮಾತ್ರ ತಪ್ಪದ ಕಳಸು. ಭಾಳ ಛಲೋ ತುಳೀತಾನ.”