ಕೂದಲೆಳೆಯಲ್ಲಿ ತಪ್ಪಿದ ಕುರ್ಚಿ

ಆ ಅಂಗಡಿಯಲ್ಲಿದ್ದಷ್ಟು ಕುರ್ಚಿಗಳು ಭೂಮಂಡಲದ ಯಾವ ರಾಜನ ಆಸ್ಥಾನದಲ್ಲೂ ಇರಲಿಲ್ಲ. ತೂಗುವ ಕುರ್ಚಿ, ತಿರುಗುವ ಕುರ್ಚಿ, ಒರಗಿದರೆ ಮುಂದಿನ ಜನ್ಮದಲ್ಲೇ ಏಳಬೇಕೆನಿಸುವ ಕುರ್ಚಿ. ಇವಿಷ್ಟನ್ನೂ ಬಾಗಿಲಲ್ಲಿ ನಿಂತು ಕಾಯುವವನಿಗೆ ಮಾತ್ರ ಕೂರಲು ಒಂದು ಮಣೆಯೂ ಇರಲಿಲ್ಲ. ಕಾವಲುಗಾರ ಕೂತರೆ ಅಂಗಡಿಯೇ ಮಲಗಿದ ಹಾಗೆ ಕಾಣುತ್ತದೆ ಎಂಬುದು ಯಜಮಾನರ ಸಿದ್ಧಾಂತ. ನಿಂತು ನಿಂತು ಅವನ ಹೆಸರೇ ಅಳಿಸಿಹೋಗಿ ಕಂಬಣ್ಣ ಎಂದಾಗಿತ್ತು. ಒಮ್ಮೆ ಗೋಡೆಗೆ ಬಣ್ಣ ಹೊಡೆಯಲು ಬಂದವನು ಇವನಿಗೂ ಸೊಂಟದವರೆಗೆ ಬಳಿದ ಮೇಲೆಯೇ, ಇದು ಉಸಿರಾಡುವ ಕಂಬವೆಂದು ಗೊತ್ತಾದದ್ದು.

ಕಾಲಿನ ನರಗಳು ಬಳ್ಳಿಯಂತೆ ಉಬ್ಬಿ ಮಂಡಿಯವರೆಗೆ ಹಬ್ಬಿದ್ದವು. ಅಂದು ಬೆಳಿಗ್ಗೆ ಹೆಂಡತಿ ಕಟ್ಟಪ್ಪಣೆ ಮಾಡಿದಳು:

"ಇವತ್ತು ಕುರ್ಚಿ ಕೇಳಿಯೇ ಮನೆಗೆ ಬನ್ನಿ. ಊರಿಗೆಲ್ಲ ಕುರ್ಚಿ ಮಾರೋ ಅಂಗಡಿ ಕಾಯೋರ ಕಾಲನ್ನ ನಾನು ಒತ್ತಬೇಕಾ?"

ಕೇಳುವ ಮೊದಲೇ ಅದೃಷ್ಟ ವ್ಯಾನಿನಲ್ಲಿ ಬಂತು. ಅದರಿಂದಿಳಿದ ಡಾಕ್ಟರಮ್ಮ, ಮೇಲಿನವರು ಕೆಳಗಿನವರು ಎಂಬ ಭೇದ ಮೈಯೊಳಗೆ ಎಷ್ಟು ಇಳಿದಿದೆಯೆಂದು ಸಂಶೋಧನೆ ಮಾಡುವವರು. ಮನುಷ್ಯನನ್ನು ಕೇಳಿದರೆ ತಿಳಿಯುವ ಸಂಗತಿಯನ್ನು ಅವನ ಕೂದಲನ್ನು ಕೇಳಿ ತಿಳಿಯಲು ಆನೆಗಾತ್ರದ ಯಂತ್ರವೊಂದನ್ನು ತಂದಿದ್ದರು.

"ಪ್ರತಿ ಅಂಗಡಿಯಲ್ಲೂ ಎಲ್ಲರಿಗಿಂತ ಮೇಲಿನವರು ಒಬ್ಬರು, ಎಲ್ಲರಿಗಿಂತ ಕೆಳಗಿನವರು ಒಬ್ಬರು, ಈ ಇಬ್ಬರ ಕೂದಲು ಸಾಕು," ಎಂದರು ಡಾಕ್ಟರಮ್ಮ. "ಒತ್ತಡ ಹೆಚ್ಚಾದರೆ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ. ಬಂದು ಕೂದಲಲ್ಲಿ ಕೂತುಬಿಡುತ್ತೆ. ಕೆಳಗಿನವರಲ್ಲಿ ಅದು ಜಾಸ್ತಿ ಕಂಡರೆ, ಅವರಿಗೊಂದು ಕುರ್ಚಿ ಕೊಡಿ ಅಂತ ಯಜಮಾನರಿಗೆ ನಾನೇ ಹೇಳ್ತೀನಿ."

ಹಾರ್ಮೋನಿಗೂ ಕೂರಲು ಜಾಗವಿದೆಯಲ್ಲ ಎಂದು ಕಂಬಣ್ಣನಿಗೆ ಹೊಟ್ಟೆಯುರಿಯಿತು.

ಯಜಮಾನರ ಹಿಂದಲೆಯ ಕೂದಲನ್ನು ಡಾಕ್ಟರಮ್ಮ ತಮ್ಮ ಕೈಯಾರೆ, ಹೂ ಬಿಡಿಸುವಂತೆ ಕತ್ತರಿಸಿಕೊಂಡರು. "ಹುಷಾರು ಡಾಕ್ಟ್ರೇ, ನನ್ನ ಟೆನ್ಷನ್‌ಗೆ ಕತ್ತರಿಗೆ ಶಾಕ್ ಹೊಡೆದೀತು!" ಎಂದು ಯಜಮಾನರು ನಕ್ಕರು. ಕಂಬಣ್ಣನಿಗೆ ಒಂದು ಖಾಲಿ ಲಕೋಟೆ ಸಿಕ್ಕಿತು. "ನಿಂದನ್ನ ನೀನೇ ಕತ್ತರಿಸಿ ತಂದ್ಕೊಡಪ್ಪ." ಸಮಾನತೆಯ ಸಂಶೋಧನೆ ಹೀಗೆ ಶುರುವಾಯಿತು.

ಅಷ್ಟರಲ್ಲಿ ಸಲಹೆಗಾರರು ನೊಣಗಳಂತೆ ಮುತ್ತಿದರು. "ನಿನ್ನ ಕೂದಲಲ್ಲಿ ಏನಯ್ಯ ಇರುತ್ತೆ, ಕಂಬಣ್ಣ?" ಎಂದ ಪಾಲಿಶ್‌ನವನು. "ಸುಮ್ನೆ ನಿಂತ್ಕೊಳ್ಳೋನಿಗೆ ಎಂಥ ಟೆನ್ಷನ್ನು? ಬರೀ ಹೇನು ಸಿಗುತ್ತೆ."

"ಟೆನ್ಷನ್ ಅಂದ್ರೆ ನಮ್ಮ ಯಜಮಾನರದ್ದು," ಎಂದಳು ಕ್ಯಾಶಿಯರಮ್ಮ. "ಬಂದಾಗಿಂದ ಹೋಗೋವರೆಗೂ ಟೆನ್ಷನ್ ಟೆನ್ಷನ್ ಅಂತ ಕೂಗ್ತಾನೇ ಇರ್ತಾರೆ. ಅವರ ಒಂದೆಳೆ ನಿನ್ನ ಲಕೋಟೆಯಲ್ಲಿದ್ರೆ ಕುರ್ಚಿ ಏನು, ಸೋಫಾನೇ ಸಿಗ್ತಿತ್ತು ಬಿಡಪ್ಪ."

ಕಂಬಣ್ಣನ ತಲೆಗೆ ಹೊಳೆದದ್ದು ಬದುಕಿನಲ್ಲಿ ಅದೊಂದೇ ಉಪಾಯ. ಅದೂ ಇದೇ ಆಗಬೇಕೇ!

ಊಟದ ನಂತರ ಯಜಮಾನರು ಅಂಗಡಿಯ ಅತಿ ದುಬಾರಿ ಒರಗುಕುರ್ಚಿಯಲ್ಲಿ ಟೆನ್ಷನ್ ಮಾಡಿಕೊಳ್ಳುತ್ತಿದ್ದರು. ಆ ಗೊರಕೆಗೆ ಗಾಜಿನ ಮೇಜುಗಳು ಜಾಗ ಬದಲಿಸುತ್ತಿದ್ದವು. ಸೋಫಾ ಬಟ್ಟೆ ಕತ್ತರಿಸುವ, ಮೊಸಳೆಬಾಯಿಯಂಥ ಕತ್ತರಿ ಹಿಡಿದು ಕಂಬಣ್ಣ ಹಿಂದಿನಿಂದ ಬಂದ. ಕಚಕ್! ಎಳೆ ಕೇಳಿದರೆ ಕತ್ತರಿ ಪೊದೆಯನ್ನೇ ಕೊಟ್ಟಿತು.

"ಯಾರೋ ಅದು?" ಯಜಮಾನರು ಒಂದು ಕಣ್ಣು ತೆರೆದರು.

"ಸೊಳ್ಳೆ, ಸಾರ್."

"ಹೊಡಿ ಮತ್ತೆ," ಎಂದು ಯಜಮಾನರು ಮಗ್ಗುಲಾದರು.

ಕುರ್ಚಿ ನೋಡಲು ಬಂದಿದ್ದ ಗಿರಾಕಿಯೊಬ್ಬ ಕ್ಯಾಶಿಯರಮ್ಮನ ಕಿವಿಯಲ್ಲಿ ಕೇಳಿದ: "ಇದನ್ನ ತಗೊಂಡ್ರೆ ಕಟಿಂಗೂ ಮಾಡ್ಕೊಡ್ತೀರಾ?"

ಸಂಜೆ ಎಲ್ಲರನ್ನೂ ಸೇರಿಸಿ ಡಾಕ್ಟರಮ್ಮ ಫಲಿತಾಂಶ ಹೇಳಿದರು. ಅವರ ಕಣ್ಣಂಚಿನಲ್ಲಿ ನೀರು.

"ಯಜಮಾನರ ಕೂದಲಲ್ಲಿ ಒತ್ತಡ ಅನ್ನೋದು ಹೆಸರಿಗೂ ಇಲ್ಲ. ಕೆರೆಯಲ್ಲಿ ಮಲಗಿರೋ ಎಮ್ಮೆಗೂ ಇಷ್ಟು ನೆಮ್ಮದಿ ಇರೋದಿಲ್ಲ."

ಕಂಬಣ್ಣ ತಾನು ತುಂಬಿಸಿ ಕೊಟ್ಟಿದ್ದ ಲಕೋಟೆಯತ್ತ ನೋಡಿದ. ದಿನವಿಡೀ ಕೂಗುವ ಬಾಯಿಯಿಂದ ಹೊರಟ ಟೆನ್ಷನ್ನೆಲ್ಲ ಕೇಳಿದವರ ತಲೆಯಲ್ಲಿ ಹೋಗಿ ಕೂರುತ್ತದೆಂದು ಪಾಪ, ಅವನಿಗೇನು ಗೊತ್ತು?

"ಆಶ್ಚರ್ಯ ಅಂದ್ರೆ, ಬಾಗಿಲು ಕಾಯೋನ ಕೂದಲೂ ಹಾಗೇ ಇದೆ! ಒಂದೇ ತಾಯಿ ಮಕ್ಕಳ ಹಾಗೆ! ಇಷ್ಟು ಊರು ಸುತ್ತಿದ್ದೀನಿ, ಮೇಲೆ ಕೆಳಗೆ ಇಲ್ಲದ ಜಾಗ ಇದೊಂದೇ."

"ಅಯ್ಯೋ, ಅವನನ್ನ ತಮ್ಮನ ಹಾಗೇ ನೋಡ್ಕೊಂಡಿದ್ದೀನಿ!" ಎಂದು ಯಜಮಾನರು ಹಿಂದಲೆ ಸವರಿಕೊಂಡರು. ಅಲ್ಲಿ ಇಲಿ ಕಡಿದ ದಿಂಬಿನಂತೆ ಒಂದು ಬಯಲು ಕೈಗೆ ಸಿಕ್ಕಿತು. "ಆದ್ರೂ ನೋಡಿ ಡಾಕ್ಟ್ರೇ, ಟೆನ್ಷನ್‌ಗೆ ಹೆಂಗೆ ಉದುರ್ತಿದೆ!"

ನಿಜ ಹೇಳಲು ಕಂಬಣ್ಣ ಬಾಯಿ ತೆರೆದ. ಆ ಬಯಲನ್ನು ನೋಡಿ ಮುಚ್ಚಿದ. ಹೇಳಿದರೆ ನಿಲ್ಲುವ ಕೆಲಸವೂ ಹೋಗುತ್ತಿತ್ತು.

ಎಲ್ಲಿಗೆ ಹೋದರೂ ಒಂದು ಸನ್ಮಾನದ ಫಲಕ ಇಟ್ಟುಕೊಂಡೇ ಹೊರಡುವ ಡಾಕ್ಟರಮ್ಮ ಅದನ್ನು ಹೊರತೆಗೆದರು. ಹೊಳೆಯುವ ಹಿತ್ತಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸಮಾನತೆ' ಎಂದಿತ್ತು.

"ಬಾಗಿಲಲ್ಲೇ ಇಡೋಣ, ನಾಲ್ಕು ಜನ ನೋಡ್ಲಿ," ಎಂದರು ಯಜಮಾನರು. "ಛೇ, ನೆಲದ ಮೇಲಿಡೋದಾ? ಒಂದು ಒಳ್ಳೆ ಕುರ್ಚಿ ತನ್ರೋ, ಮೆತ್ತೆ ಇರೋದು! ಕಂಬಣ್ಣ, ಬೀಳದ ಹಾಗೆ ಹಿಡ್ಕೊಂಡು ನಿಂತ್ಕೊ."

ಅಂಗಡಿ ಮುಚ್ಚುವ ಹೊತ್ತಿಗೆ ಗಂಡನನ್ನು ಹುಡುಕಿಕೊಂಡು ಬಂದ ಹೆಂಡತಿ, ಬಾಗಿಲಲ್ಲಿದ್ದ ಕುರ್ಚಿ ಕಂಡು ಹಿಗ್ಗಿದಳು.

"ಅಂತೂ ಕೊಟ್ರಲ್ಲ! ಮತ್ಯಾಕ್ರೀ ನಿಂತಿದ್ದೀರಿ? ಕೂತ್ಕೊಳ್ಳಿ."

ಕಂಬಣ್ಣ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಿಸಿದ.

"ಎಲ್ಲಿ ಕೂರ್ಲೇ? ಸಮಾನತೆ ಕೂತಿದೆ."