ಓಡಿ ಬಂದವನಿಗೆ ಮೊದಲು ನೀರು

ನಮ್ಮ ಕಿನ್ನರದಲ್ಲಿ ವಯಸ್ಸಾದವನೊಬ್ಬ ಬೆಳಗಿನ ಜಾವ ಓಡುತ್ತಿದ್ದರೆ ಅದಕ್ಕೆ ಮೂರೇ ಕಾರಣಗಳಿರಲು ಸಾಧ್ಯ. ಕಾರವಾರದ ಮೊದಲ ಬಸ್ಸು ತಪ್ಪುತ್ತಿರಬೇಕು, ಹಿಂದೆ ನಾಯಿ ಬಿದ್ದಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಆರೋಗ್ಯಕ್ಕಾಗಿ ಓಡುವುದೆಂಬ ನಾಲ್ಕನೆಯ ಕಾರಣವನ್ನು ಊರೊಳಗೆ ತಂದವನು ನಾನು. ಜಂಬಕ್ಕೆ ಹೇಳುತ್ತಿಲ್ಲ, ಇದನ್ನೊಂದು ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ನನಗೀಗ ನಲವತ್ತೇಳು. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಈಗ ಯಾವುದು ಕುರ್ಚಿ ಯಾವುದು ನಾನು ಎಂದು ಹೇಳುವುದು ಕಷ್ಟವಾಗಿದೆ. ಮದುವೆಯ ಗೋಜಿಗೆ ಹೋಗಲಿಲ್ಲವಾದ್ದರಿಂದ ಅಣ್ಣನ ಮನೆಯೇ ನನ್ನ ಮನೆ. ಅಣ್ಣನನ್ನು ನಾವು ದಾದಾ ಎನ್ನುವುದು. ಗದ್ದೆ, ತೆಂಗು, ಎರಡು ಎಮ್ಮೆ, ಊರಿನವರ ಜಗಳ, ಎಲ್ಲವನ್ನೂ ನೋಡಿಕೊಂಡಿದ್ದವನು ಅವನು. ನಾನು ನೋಡಿಕೊಳ್ಳುತ್ತಿದ್ದದ್ದು ಬಸ್ಸಿನ ಹೊತ್ತನ್ನು ಮಾತ್ರ.

ಕಳೆದ ನವೆಂಬರಿನಲ್ಲಿ ದಾದಾನಿಗೆ ಗದ್ದೆಯ ಬದು ಹತ್ತುವಾಗ ಉಸಿರು ಸಿಕ್ಕಿಕೊಳ್ಳತೊಡಗಿತು. ವೈನಿ, ಅಂದರೆ ಅತ್ತಿಗೆ, ಗಲಾಟೆ ಮಾಡಿ ಅವನನ್ನು ಕಾರವಾರಕ್ಕೆ ಕಳಿಸಿದರು. ಜೊತೆಗೆ ಹೋದ ತಪ್ಪಿಗೆ ಡಾಕ್ಟರರು ನನ್ನನ್ನೂ ಮಲಗಿಸಿ ನೋಡಿದರು. "ಅಪ್ಪ ಹೇಗೆ ತೀರಿಕೊಂಡ್ರು?" ಎಂದು ಕೇಳಿದರು. "ಬದುವಿನ ಮೇಲೆ ನಿಂತಿದ್ರು. ಹಂಗೇ ಕೂತ್ರು. ಮತ್ತೆ ಏಳ್ಲಿಲ್ಲ" ಎಂದ ದಾದಾ, ಎಮ್ಮೆಯ ಸುದ್ದಿ ಹೇಳುವಷ್ಟೇ ಸಲೀಸಾಗಿ. ಅಪ್ಪ ಹೋದದ್ದು ಐವತ್ತೆರಡಕ್ಕೆ, ಚಳಿಗಾಲದಲ್ಲಿ. ದಾದಾನಿಗೆ ಆಗ ಐವತ್ತೊಂದು ನಡೆಯುತ್ತಿತ್ತು. ಡಾಕ್ಟರರು ಪೆನ್ನು ಕೆಳಗಿಟ್ಟು, ದಾದಾ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಹೃದಯದ ಪರೀಕ್ಷೆ ಮಾಡಿಸಬೇಕು ಎಂದರು. ನಾನು ಮಾತ್ರ ತೂಕ ಇಳಿಸಿದರೆ ಸಾಕಂತೆ, ಓಡಬಹುದಂತೆ. ಓಡಬಹುದು ಎನ್ನುವಾಗ ಅವರ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು, ದನಿಯಲ್ಲಿ ನಂಬಿಕೆ ಇರಲಿಲ್ಲ.

ದಾದಾ ಗುಳಿಗೆ ನುಂಗಲು ಒಪ್ಪಿದ. ದೊಡ್ಡ ಆಸ್ಪತ್ರೆಗೆ ಮಾತ್ರ "ಶೇಂಗಾ ಬಿತ್ತಿ ಆಗ್ಲಿ" ಎಂದ. ಶೇಂಗಾ ಬಿತ್ತಿ ಆಯಿತು. "ಕಳೆ ತೆಗ್ದು ಆಗ್ಲಿ" ಎಂದ. ನಾನೂ ವೈನಿಯೂ ಬೆನ್ನು ಹತ್ತಿದಾಗ ಒಂದು ದಿನ ರೇಗಿ, "ನೀ ದೊಡ್ಡ ಉಪದೇಶ ಮಾಡೂಕೆ ಬರ್ತೆ ಅಲ್ದಾ? ಡಾಕ್ಟ್ರು ನಿಂಗೂ ಓಡೂಕೆ ಹೇಳಿದ್ರು. ನೀ ಸಂಕ್ರಾಂತಿ ಮುಗಿಯೂ ತನಕ ದಿನಾ ಅಕ್ಕನ ಮನೆ ಮುಟ್ಟಿ ಓಡಿ ಬಾ. ಮತ್ತೆ ನಾನೂ ಆಸ್ಪತ್ರೆಗೆ ಬರ್ತೆ. ಮಾತು ಅಂದ್ರೆ ಮಾತು" ಎಂದ. ನಾನು ಮೂರು ದಿನದಲ್ಲಿ ಕೈಚೆಲ್ಲುತ್ತೇನೆ ಎಂದು ಅವನ ಎಣಿಕೆಯಿದ್ದಿರಬೇಕು. ನನ್ನ ಎಣಿಕೆಯೂ ಅದೇ ಆಗಿತ್ತು. ಆದರೆ ಅವನನ್ನು ಆಸ್ಪತ್ರೆ ಹತ್ತಿಸಲು ಬೇರೆ ದಾರಿ ನನಗೆ ಕಾಣಲಿಲ್ಲ. ಮರುದಿನವೇ ಕಾರವಾರದ ಪೇಟೆಯಿಂದ ಒಂದು ಜೊತೆ ಬೂಟು ತಂದೆ. ಅದರ ಬಣ್ಣ ಎಂಥದ್ದೆಂದರೆ ಎಮ್ಮೆಗಳು ಎರಡು ದಿನ ಹಾಲು ಕಡಿಮೆ ಕೊಟ್ಟವು.

ಅಕ್ಕ ಎಂದರೆ ದಾದಾನಿಗೆ ತಂಗಿ, ನನಗಿಂತ ದೊಡ್ಡವಳು. ಅವಳನ್ನು ಕೊಟ್ಟ ಮನೆ ಎರಡು ಕಿಲೋಮೀಟರು ಆಚೆ, ಹೊಳೆದಂಡೆಯ ದಾರಿಯಲ್ಲಿ. ಹೋಗಿ ಬಂದರೆ ನಾಲ್ಕು. ಡಿಸೆಂಬರಿನ ಮೊದಲ ಬೆಳಿಗ್ಗೆ ಹೊರಟೆ. ನಮ್ಮ ಕಡೆಯ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಅವರು ಬನಿಯನ್ನಿನಲ್ಲಿ ಓಡಾಡುವ ಹವೆಗೆ ನಾವು ಮಂಕಿಕ್ಯಾಪು ಹಾಕಿ, ಅದರ ಮೇಲೆ ಟವೆಲು ಸುತ್ತಿ, ಒಣಗಿದ ಎಲೆ ಗುಡಿಸಿ ಬೆಂಕಿ ಕಾಯಿಸುವವರು. ಕಾಳಿ ಹೊಳೆಯಿಂದ ಮಂಜು ಎದ್ದು ದಾರಿ ಹತ್ತು ಮಾರು ಮಾತ್ರ ಕಾಣುತ್ತಿತ್ತು. ನೂರು ಹೆಜ್ಜೆಗೆ ಪಕ್ಕೆ ಹಿಡಿಯಿತು, ಇನ್ನೂರಕ್ಕೆ ಬಾಯಿ ಒಣಗಿತು, ಮುನ್ನೂರಕ್ಕೆ ನಾನು ನಂಬದ ದೇವರುಗಳೆಲ್ಲ ನೆನಪಾದರು. ಬೆಂಕಿ ಕಾಯಿಸುತ್ತಿದ್ದ ಮುದುಕನೊಬ್ಬ ನನ್ನನ್ನು ಕಂಡವನೇ ಎದ್ದು ನಿಂತು, ತಲೆಯ ಟವೆಲು ತೆಗೆದು, "ಯಾರ್ ಹೋದದ್ದಾ ತಮ್ಮಾ?" ಎಂದ. ಉತ್ತರ ಹೇಳಲು ಉಸಿರಿರಲಿಲ್ಲ. ಕೈಯಾಡಿಸಿ ಮುಂದೆ ಹೋದೆ. ಅದು ಇನ್ನೂ ಕೆಟ್ಟದಾಯಿತು.

ಯಾಕೆಂದರೆ ನಮ್ಮಲ್ಲಿ ಒಂದು ರೂಢಿಯಿದೆ. ಈಗ ಪ್ರತಿ ಮನೆಯಲ್ಲೂ ಫೋನಿದ್ದರೂ ಒಡಹುಟ್ಟಿದವರ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಮನೆಯಿಂದ ಆಳು ಹೋಗಬೇಕು. ಹೋದವನು ಒಳಗೆ ಕಾಲಿಡಬಾರದು, ಕೂರಬಾರದು, ಆ ಮನೆಯ ಒಂದು ಹನಿ ನೀರನ್ನೂ ಮುಟ್ಟಬಾರದು. ಅಂಗಳದಲ್ಲಿ ನಿಂತು ಹೇಳಿ ಹಾಗೇ ತಿರುಗಬೇಕು. ಅಕ್ಕ ಅಂಗಳ ಗುಡಿಸುತ್ತಿದ್ದಳು. ಮಂಜಿನೊಳಗಿಂದ ಏದುಸಿರು ಬಿಡುತ್ತ, ಕಣ್ಣು ಮೇಲೆ ಮಾಡಿಕೊಂಡು ಬಂದ ತಮ್ಮ, ಅಂಗಳದ ನಡುವೆ ನಿಂತು ಮಾತೇ ಬರದೆ ಮೊಣಕಾಲು ಹಿಡಿದು ಬಗ್ಗಿದರೆ ಅವಳು ಏನು ತಿಳಿಯಬೇಕು? ಹಿಡಿಕಡ್ಡಿ ಎಸೆದು "ದಾದಾ!" ಎಂದು ಬೊಬ್ಬೆ ಹೊಡೆದಳು. ಅಕ್ಕಪಕ್ಕದ ನಾಲ್ಕು ಮನೆಯವರು ಓಡಿ ಬಂದರು. ಒಬ್ಬಾಕೆ ಆಗಲೇ ಅಳುತ್ತಿದ್ದಳು, ಯಾರಿಗಾಗಿ ಎಂದು ಅವಳಿಗೂ ಗೊತ್ತಿರಲಿಲ್ಲ. ನನಗೆ ಮಾತು ಬರುವಷ್ಟರಲ್ಲಿ ದಾದಾನ ಗುಣಗಾನ ಅರ್ಧ ಮುಗಿದಿತ್ತು. "ಯಾರೂ ಸತ್ತಿಲ್ಲ, ನಾನು ವ್ಯಾಯಾಮಕ್ಕೆ ಓಡೂದು" ಎಂದಾಗ ಅಕ್ಕ ಅದೇ ಹಿಡಿಕಡ್ಡಿ ಎತ್ತಿಕೊಂಡು ನನಗೆ ಎರಡು ಕೊಟ್ಟಳು. ಆಮೇಲೆ ಒಳಗಿನಿಂದ ತಂಬಿಗೆ ನೀರು ತಂದು, "ಕುಡಿ. ನಾಳೆಯಿಂದ ಬಂದವನೇ ಮೊದಲು ನೀರು ಕುಡೀಬೇಕು. ನೀ ಕುಡಿದ್ರೆ ಮನೇಲಿ ಎಲ್ಲಾ ಸಮ ಉಂಟು ಅಂತ ನಂಗೆ ಗೊತ್ತಾಗ್ತದೆ. ಮತ್ತೆ ಬೇಕಾದ್ರೆ ಸಾಯಿ" ಎಂದಳು. ಆ ದಿನದಿಂದ ಅಂಗಳದ ಕಟ್ಟೆಯ ಮೇಲೆ ನನಗಾಗಿ ತಂಬಿಗೆ ಕಾದಿರುತ್ತಿತ್ತು. ಅವಳು ಪೊರಕೆ ನಿಲ್ಲಿಸಿ, ನಾನು ಎರಡು ಗುಟುಕು ನುಂಗುವುದನ್ನು ನೋಡಿ, ಮತ್ತೆ ಗುಡಿಸುತ್ತಿದ್ದಳು.

ದಾದಾ ಈ ಕತೆ ಕೇಳಿ ನಕ್ಕದ್ದು ನಕ್ಕದ್ದೇ. ತನಗಾಗಿ ಯಾರು ಯಾರು ಎಷ್ಟು ಅತ್ತರು ಎಂದು ಹೆಸರು ಹಿಡಿದು ಕೇಳಿದ. "ಬದುಕಿದ್ದಾಗ್ಲೇ ತಿಳ್ಕೊಂಡದ್ದು ಒಳ್ಳೇದಾಯ್ತು" ಎಂದ. ಮರುದಿನದಿಂದ ಅವನೇ ನನ್ನ ಕೋಚು. ಮಂಕಿಕ್ಯಾಪು ಹಾಕಿ, ಚಹಾದ ಲೋಟ ಹಿಡಿದು, ಮೆಟ್ಟಿಲ ಮೇಲೆ ಕೂತು, ಕೈಗಡಿಯಾರ ನೋಡಿ "ಹ್ಞಂ, ಹೊರಡು" ಎನ್ನುವುದು. ಬಂದ ಮೇಲೆ ಮತ್ತೆ ಗಡಿಯಾರ ನೋಡಿ, ಹಾಲಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲಿ ನಿಮಿಷ ಬರೆಯುವುದು. ಮೊದಲ ದಿನ ನಲವತ್ತು. ವಾರ ಕಳೆದಾಗ ಮೂವತ್ತೇಳು. ಸಂಕ್ರಾಂತಿ ಹೊತ್ತಿಗೆ ಇಪ್ಪತ್ತೊಂಬತ್ತು. ಜೇಬಿನಲ್ಲಿ ಫೋನು ಕುಣಿಯುತ್ತದೆಂದು ನಾನು ಅದನ್ನು ಒಯ್ಯುತ್ತಿರಲಿಲ್ಲ, ದಾದಾನ ಲೆಕ್ಕವೇ ಲೆಕ್ಕ. ಹೊಟ್ಟೆ ಇದ್ದಲ್ಲೇ ಇತ್ತು, ಏದುಸಿರು ಹಾಗೇ ಇತ್ತು, ಕೆಲವು ದಿನ ನನ್ನ ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುವ ಹೆಂಗಸರು ನನ್ನನ್ನು ದಾಟಿಯೂ ಹೋಗುತ್ತಿದ್ದರು. ಆದರೂ ಇಪ್ಪತ್ತೊಂಬತ್ತು ಎಂದರೆ ನಂಬಿದೆ. ಹೊಗಳಿಕೆಯನ್ನು ಯಾರೂ ಒರೆ ಹಚ್ಚಿ ನೋಡುವುದಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಕೇಳದವರಿಗೆ ಎರಡು ಸಲ ಹೇಳಿದೆ.

ಆ ಸೊಕ್ಕಿನಲ್ಲೇ, ಸಂಕ್ರಾಂತಿಯ ಮರುವಾರ ಅಂಕೋಲೆಯಲ್ಲಿ ಒಂದು ಯುವಕ ಸಂಘದವರು ಇಟ್ಟಿದ್ದ ಐದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟೆ. ದಾದಾನೂ ಬಸ್ಸು ಹತ್ತಿ ನೋಡಲು ಬಂದ. ಓಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎಲ್ಲರೂ ನನ್ನ ಮುಂದೆ ಹೋಗಿ ಮಂಜಿನಲ್ಲಿ ಮಾಯವಾದರು. ಹಿಂದೆ ಉಳಿದದ್ದು ಆಂಬುಲೆನ್ಸು ಒಂದೇ. ಅದು ಕೊನೆಯವನ ಹಿಂದೆಯೇ ಬರಬೇಕಂತೆ, ನಿಯಮ. ಡ್ರೈವರು ಪಾಪ, ಮೊದಲನೇ ಗೇರಿನಲ್ಲಿ ಬಂದು ಬಂದು ಬೇಸತ್ತು, ತಲೆ ಹೊರಗೆ ಹಾಕಿ, "ಸರ್, ಹತ್ತೂದಾದ್ರೆ ಹತ್ತಿ. ಯಾರಿಗೂ ಹೇಳೂದಿಲ್ಲ" ಎಂದ. ಹತ್ತಲಿಲ್ಲ. ನಾನು ಮುಟ್ಟುವಾಗ ಶಾಮಿಯಾನದ ಅರ್ಧ ಬಿಚ್ಚಿ ಆಗಿತ್ತು. ದಾದಾ ಒಬ್ಬನೇ ರಸ್ತೆ ಬದಿ ನಿಂತು, ಬಿಳಿ ಗಾಡಿಯ ಮುಂದೆ ಕುಂಟುತ್ತ ಬರುವ ನನ್ನನ್ನು ನೋಡಿ, ನಕ್ಕು ನಕ್ಕು, ಎದೆ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತ. ಚಳಿಯಲ್ಲೂ ಅವನ ಹಣೆ ಬೆವತಿತ್ತು. "ಸಾಕು ಮಾರಾಯಾ, ನಗು ತಡಿಯೂಕೆ ಆಗೂದಿಲ್ಲ" ಎಂದ. ನಾನೂ ಅವನ ಪಕ್ಕದಲ್ಲಿ ಕೂತು ನಕ್ಕೆ. ಐದು ಮಾರು ದೂರದಲ್ಲಿ ಆಂಬುಲೆನ್ಸು ಬಾಗಿಲು ತೆರೆದು ನಿಂತಿತ್ತು. ಈ ಒಂದು ವಿಷಯವನ್ನು ನಾನು ವೈನಿಗೂ ಅಕ್ಕನಿಗೂ ಇವತ್ತಿನವರೆಗೆ ಹೇಳಿಲ್ಲ.

ಬರುವಾಗ ಬಸ್ಸಿನಲ್ಲಿ, ಮನೆಯಲ್ಲಿ ಇಪ್ಪತ್ತೊಂಬತ್ತಕ್ಕೆ ನಾಲ್ಕು ಓಡುವವನಿಗೆ ಇಲ್ಲಿ ಐದಕ್ಕೆ ಐವತ್ತೈದು ಯಾಕೆ ಹಿಡಿಯಿತು ಎಂದು ಕೇಳಿದೆ. "ಅಂಕೋಲೆ ಹೊಯ್ಗೆ ಕಾಲು ಹಿಡಿತದೆ" ಎಂದು ಕಿಟಕಿಯ ಹೊರಗೆ ನೋಡಿದ. ಓಡಿದ್ದು ಮರಳಿನ ಮೇಲಲ್ಲ, ಡಾಂಬರಿನ ಮೇಲೆ. ಆಮೇಲೆ ಅವನಾಗಿಯೇ, "ನೀ ಮಾತು ಉಳಿಸ್ಕೊಂಡೆ. ಬರೂ ಸೋಮವಾರ ಆಸ್ಪತ್ರೆಗೆ ಹೋಗ್ವ" ಎಂದ. ನನಗೆ ಪದಕ ಸಿಕ್ಕಿದಷ್ಟು ಖುಷಿಯಾಯಿತು.

ಅವನು ಹೋದದ್ದು ಅದರ ಹಿಂದಿನ ಶನಿವಾರ. ಎಂದಿನಂತೆ ಮೆಟ್ಟಿಲ ಮೇಲೆ ಕೂತು "ಹ್ಞಂ, ಹೊರಡು" ಎಂದ. ನಾನು ಗೇಟು ದಾಟುವಾಗ ಹಿಂದೆ ಲೋಟ ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದರೆ ಅಪ್ಪನ ಹಾಗೆಯೇ ಕೂತಿದ್ದ. ಪಕ್ಕದ ಮನೆಯವರು ದಾದಾನ ಹಳೆಯ ಬೈಕನ್ನೇ ಒಯ್ದು ಹತ್ತಿರದ ಡಾಕ್ಟರರನ್ನು ಕರೆತಂದರು. ಅವರು ಕೈ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು. ಅವರನ್ನು ತಿರುಗಿ ಬಿಟ್ಟು ಬರಲು ಬೈಕು ಮತ್ತೆ ಹೋಯಿತು. ವೈನಿ ಗೋಡೆಗೆ ಒರಗಿ, "ಅಕ್ಕನಿಗೆ ಹೇಳ್ಬೇಕು, ನೀವೇ ಹೋಗಿ" ಎಂದರು. ನನ್ನ ಕಾಲಲ್ಲಿ ಬೂಟು ಇದ್ದೇ ಇತ್ತು.

ಅವತ್ತು ನಾನು ನಿಜವಾಗಿ ಓಡಿದೆ. ಪಕ್ಕೆ ಹಿಡಿಯಿತೋ ಬಾಯಿ ಒಣಗಿತೋ ತಿಳಿಯಲಿಲ್ಲ. ಹಾಲಿನ ಹೆಂಗಸರು ದಾರಿ ಬಿಟ್ಟು "ಇವತ್ತು ಭಾರೀ ಜೋರುಂಟಲ್ಲ!" ಎಂದು ನಕ್ಕರು. ಮೊದಲ ದಿನ ಟವೆಲು ತೆಗೆದು ಎದ್ದು ನಿಂತ ಮುದುಕ ಈಗ ಬೆಂಕಿಯ ಮುಂದಿನಿಂದ ಏಳಲೂ ಇಲ್ಲ. "ಯಾರೂ ಹೋಗ್ಲಿಲ್ಲ ಅಲ್ದಾ? ಓಡು, ಓಡು" ಎಂದು ಕೈಬೀಸಿದ. ಎರಡು ತಿಂಗಳು ದಿನಾ ಓಡಿ ಓಡಿ ಇಡೀ ಊರಿಗೆ ನಾನು ಕಲಿಸಿದ್ದು ಇದನ್ನೇ: ಇವನು ಓಡಿದರೆ ಏನೂ ಆಗಿರುವುದಿಲ್ಲ. ನಿಂತು ಕೂಗಿ ಹೇಳಬೇಕೆನಿಸಿತು. ಮೊದಲು ಕೇಳಬೇಕಾದವಳು ಅಕ್ಕ ಎಂದು ಬಾಯಿ ಕಚ್ಚಿಕೊಂಡು ಹೋದೆ.

ಅಕ್ಕ ಪೊರಕೆ ಹಿಡಿದೇ ನಗುತ್ತ, "ಏನಾ, ಇವತ್ತು ತಡ ಆಯ್ತು? ಬಿಸಿಲೇ ಬಂತು" ಎಂದು ಕಟ್ಟೆಯ ಮೇಲಿನ ತಂಬಿಗೆ ಎತ್ತಿ ಚಾಚಿದಳು. ನಾನು ಅಂಗಳದ ನಡುವೆ ನಿಂತೆ. ಅವಳು "ಹಿಡಿ" ಎಂದಳು. ಇನ್ನೊಂದು ಸಲ "ಹಿಡಿಯಾ" ಎಂದಳು. ನಾನು ಕೈ ಮುಂದೆ ಮಾಡಲಿಲ್ಲ. ಅವಳ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತಂಬಿಗೆ ಮಾತ್ರ ಓರೆಯಾಗಿ ನೀರು ನೆಲಕ್ಕೆ ಚೆಲ್ಲಿತು. ಮೊದಲ ದಿನ ಊರು ಒಂದಾಗುವಂತೆ ಬೊಬ್ಬೆ ಹೊಡೆದವಳು ಈಗ ಸದ್ದಿಲ್ಲದೆ ನೆಲದ ಮೇಲೆ ಕೂತಳು. ಸುದ್ದಿಯನ್ನು ನಾನು ಹೇಳಲೇ ಇಲ್ಲ.

ಕಾರ್ಯಗಳೆಲ್ಲ ಮುಗಿದು ತಿಂಗಳಾದ ಮೇಲೆ, ಬೆಳಿಗ್ಗೆ ಮನೆಯಲ್ಲಿ ಕೂತಿರಲು ಆಗದೆ ಮತ್ತೆ ಬೂಟು ಹಾಕಿದೆ. ಈಗ ಗಡಿಯಾರ ನೋಡುವವರಿಲ್ಲವಲ್ಲ, ಫೋನು ಒಯ್ದೆ. ನಲವತ್ಮೂರು ನಿಮಿಷ. ದುಃಖಕ್ಕೆ ಕಾಲು ಭಾರವಾಗಿದೆ ಎಂದುಕೊಂಡೆ. ಮರುದಿನವೂ ನಲವತ್ಮೂರು, ವಾರದ ಮೇಲೂ ನಲವತ್ತೆರಡು. ಕ್ಯಾಲೆಂಡರಿನ ಇಪ್ಪತ್ತೊಂಬತ್ತನ್ನು ತೋರಿಸಿ, ದಾದಾನ ಗಡಿಯಾರ ಕೊಡಿ, ಅದರಲ್ಲೇ ನೋಡುತ್ತೇನೆ ಎಂದು ವೈನಿಯನ್ನು ಕೇಳಿದೆ. ಅವರು ಕಪಾಟಿನಿಂದ ತಂದು ಕೈಯಲ್ಲಿಟ್ಟರು. ಮುಳ್ಳು ಹತ್ತೂ ಹತ್ತಕ್ಕೆ ನಿಂತಿತ್ತು. "ಅದು ನಿಂತು ಎರಡು ವರ್ಷ ಆಯ್ತು" ಎಂದರು. "ಮನಸ್ಸಿಗೆ ಬಂದದ್ದು ಬರೀತಿದ್ರು. ಕಡಿಮೆ ಕಡಿಮೆ ಬರೀದಿದ್ರೆ ಅವ ಓಡೂದು ಬಿಡ್ತ, ಅಪ್ಪನ ಹಂಗೆ ಅವನೂ ಹೋಗೂದು ಬೇಡ ಅಂತಿದ್ರು." ನಾನು ಓಡಿದ್ದು ಅವನನ್ನು ಉಳಿಸಿಕೊಳ್ಳಲಿಕ್ಕೆ. ಆ ಮನುಷ್ಯ ಮೆಟ್ಟಿಲ ಮೇಲೆ ಕೂತು, ನಿಂತ ಗಡಿಯಾರ ಹಿಡಿದು, ನನ್ನನ್ನು ಉಳಿಸುತ್ತಿದ್ದ. ಎಮ್ಮೆಗಳ ಹತ್ತಿರ ಹೋಗಿ ಅತ್ತೆ, ಮನೆಯೊಳಗೆ ಅಳಲು ನಾಚಿಕೆಯಾಯಿತು.

ಈಗಲೂ ಓಡುತ್ತೇನೆ. ಅಕ್ಕನ ಮನೆ ಇನ್ನೂ ನೂರು ಮಾರು ಇರುವಾಗಲೇ "ನೀರು ಕೊಡೇ!" ಎಂದು ಕೂಗುತ್ತ ಹೋಗುತ್ತೇನೆ, ಅವಳ ಎದೆ ಒಂದು ಕ್ಷಣವೂ ನಿಲ್ಲಬಾರದೆಂದು. ಬಾಯಾರಿಕೆ ಇಲ್ಲದಿದ್ದರೂ ತಂಬಿಗೆ ಖಾಲಿ ಮಾಡುತ್ತೇನೆ. ಇವತ್ತು ದಾರಿಯಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂತು, ಸ್ವಲ್ಪ ದೂರ ಬಂದು ಇದರಲ್ಲಿ ಮಜವಿಲ್ಲ ಎಂದು ತಾನೇ ಬಿಟ್ಟು ಹೋಯಿತು. ಒಟ್ಟು ನಲವತ್ನಾಲ್ಕು ನಿಮಿಷ ಹಿಡಿಯಿತು. ಮನೆಗೆ ಬಂದು, ಹಾಲಿನ ಗುರುತಿನ ಪಕ್ಕದಲ್ಲಿ ಇಪ್ಪತ್ತೆಂಟು ಎಂದು ಬರೆದಿದ್ದೇನೆ.