ಅಮಲ್ದಾರ್ರ ನಾಯಿಗೆ ಪಥ್ಯ

ದನದ ಆಸ್ಪತ್ರೆ ಕಾಂಪೌಂಡರ್ ಆದ್ಮೇಲೆ ನಂಗೆ ನಗಾಕೆ ನಾಟ್ಕ ನೋಡೋ ಅಗತ್ಯಾನೇ ಬರ್ಲಿಲ್ಲ ಕಣ್ರಿ, ದಿನಾ ಬೆಳಗಾದ್ರೆ ಒಂದಲ್ಲ ಒಂದು ಪ್ರಸಂಗ ನಾಲ್ಕ್ ಕಾಲಿನ ಮೇಲೆ ನಡ್ಕಂಡು ತಾನೇ ಬಾಗ್ಲಿಗೆ ಬಂದ್ಬುಡೋದು!

ಮೈಸೂರು ಸೀಮೆಗೆ ಬೇರೆ ಕನ್ನಡ ಜಿಲ್ಲೆಗಳೆಲ್ಲ ಸೇರ್ಕಂಡು ಒಂದೇ ರಾಜ್ಯ ಆಗಿದ್ದು ಇನ್ನೂ ಹೊಸ್ದು. ನಂಗೆ ಇಪ್ಪತ್ತೆರಡು, ಕೆಲ್ಸ ಟೆಂಪರ್ವರಿ. ಪರ್ಮನೆಂಟ್ ಆಗ್ಬೇಕಂದ್ರೆ ತಾಲ್ಲೂಕಿನ ಅಮಲ್ದಾರ್ರು ನನ್ ನಡತೆ ಸರ್ಟಿಫಿಕೇಟಿಗೆ ಸೈನ್ ಹಾಕ್ಬೇಕು. ಕಾಗ್ದ ಹಿಡ್ಕಂಡು ಮಧುಗಿರಿನಾಗೆ ಅವ್ರ ಮನೆಗೆ ಹೋದ್ರೆ, ಅವ್ರು ಕಾಗ್ದ ನೋಡ್ಲೇ ಇಲ್ಲ, ಜಗಲಿ ಮೇಲೆ ಮಲ್ಗಿದ್ದ ನಾಯಿ ತೋರ್ಸಿದ್ರು. ಮೈಮೇಲೆ ಒಂದು ಕೂದ್ಲಿಲ್ಲ, ಅಮಲ್ದಾರ್ರ ತಲೆಗಿಂತ ನುಣ್ಣಗೆ!

“ಮೊದ್ಲು ಇದಕ್ಕೆ ಕೂದ್ಲು ಬರ್ಲಿ. ನಿನ್ನ ನಡತೆ ಆಮೇಲೆ ನೋಡೋಣ.”

ಓಡೋಗಿ ನಮ್ ಡಾಕ್ಟ್ರನ್ನ ಕರ್ಕಂಡ್ ಬಂದೆ. ನಮ್ ಡಾಕ್ಟ್ರು ಹೆಂಗೆ ಅಂದ್ರೆ, ನಾಯಿ ಆಗ್ಲಿ ಬೆಕ್ಕಾಗ್ಲಿ, ಮೈ ಮುಟ್ಟೋಕೆ ಮುಂಚೆ ತಟ್ಟೆ ನೋಡೋರು. “ಏನ್ ತಿನ್ನುತ್ತಮ್ಮಾ ಇದು?” ಅಂದ್ರು.

ಅಮಲ್ದಾರ್ರ ಹೆಂಡ್ರು ಹೆಮ್ಮೆಯಿಂದ, “ಬೆಳಿಗ್ಗೆ ಕಾಫಿ, ಬಿಸ್ಕತ್ತು. ಹನ್ನೊಂದಕ್ಕೆ ಮೈಸೂರ್‌ಪಾಕು. ಸಾಯಂಕಾಲ ಇವರ ಜೊತೆ ಕೂತ್ಕೊಂಡು ಇನ್ನೊಂದು ಕಾಫಿ” ಅಂದ್ರು.

“ಕಾಫಿ, ಸಕ್ಕರೆ, ಕರಿದಿದ್ದು ಎಲ್ಲಾ ಬಂದ್. ರಾಗಿಮುದ್ದೆ, ಬೆಂದ ಸೊಪ್ಪು, ಕುಂಬಳಕಾಯಿ, ಮಜ್ಜಿಗೆ. ಹಿತ್ತಲಲ್ಲಿ ಜವಾನನ ಕೈಲಿ ದಿನಕ್ಕೊಂದು ಬೇಯಿಸಿದ ಮೊಟ್ಟೆ. ಎರಡು ತಿಂಗಳು” ಅಂದ್ರು ಡಾಕ್ಟ್ರು.

ಆಯಮ್ಮನ ಮುಖ ಸಣ್ಣಗಾಯ್ತು. ಸಮಾಧಾನಕ್ಕೆ ನಾನು, “ಪಥ್ಯ ಅಂದ್ಕಳಿ ಅಮ್ಮಾವ್ರೇ” ಅಂದ್ಬುಟ್ಟೆ. ಪಥ್ಯ ಅಂದಿದ್ದೇ ತಡ, ಪ್ರಸಾದ ಸಿಕ್ಕಿದಂಗೆ ಕಣ್ಣಿಗೊತ್ಕಂಡು ಒಪ್ಕಂಡ್ರು. ಆ ಎರಡು ತಿಂಗ್ಳು ನಾನು ಡಾಕ್ಟ್ರ ಹಿಂದೆ ಊರೂರು ಸುತ್ತಿ ಹೋದ ಕಡೆಯೆಲ್ಲ ಅದೇ ಪಥ್ಯದ ಮಂತ್ರ ಹೇಳ್ತಾ ಬಂದೆ. ಏನೇನಾಯ್ತು ಕೇಳಿ.

ಕೊರಟಗೆರೆ ಬಾಟ್ಲು

ಕೊರಟಗೆರೇಲಿ ಅಕ್ಕಿ ಗಿರಣಿ ಯಜಮಾನ್ರು ಒಬ್ರು, ನಾಯಿಗೆ ಬರೀ ಬನ್ನು ಹಾಕಿ ಹಾಕಿ ಅದು ಎದ್ದು ಬೊಗಳಾಕೂ ಬೇಜಾರು ಪಡೋದು. ನಾವು ಅಲ್ಲಿನ ದನದ ಆಸ್ಪತ್ರೆಗೆ ಹೋಗಿದ್ದಾಗ ಅದನ್ನ ಎಳ್ಕಂಡ್ ಬಂದು ಕುಂತ್ರು. ಡಾಕ್ಟ್ರು ಮುದ್ದೆ, ಬೋಟಿ, ಸೊಪ್ಪು ಹೇಳಿದ್ರು. ಯಜಮಾನ್ರು ಕೇಳಿದ್ರು, ತಲೆ ಆಡ್ಸಿದ್ರು, ಆದ್ರೆ ಎದ್ದೇಳ್ಲಿಲ್ಲ.

“ಪಥ್ಯ ಹೇಳಿದ್ರಿ ಸರಿ ಸ್ವಾಮಿ. ಔಷ್ದಿ ಎಲ್ಲಿ?”

“ಊಟವೇ ಔಷಧಿ ಕಣ್ರೀ.”

“ಔಷ್ದಿ ಇಲ್ದೆ ಬರೀ ಪಥ್ಯ ಮಾಡಾಕೆ ನಮ್ ನಾಯೇನು ಸನ್ಯಾಸಿನಾ?”

ಡಾಕ್ಟ್ರು ನನ್ ಕಡೆ ಕಣ್ಣು ಮಿಟುಕ್ಸಿದ್ರು. ನಾನು ಒಳಕ್ಕೋಗಿ ಸೋಂಪು ಕುದಿಸಿದ ನೀರು ಒಂದ್ ಬಾಟ್ಲು ತುಂಬಿ, ಬೂಚು ಬಿಗ್ದು, “ಊಟಕ್ಕೆ ಮುಂಚೆ ಎರಡು ಚಮಚ” ಅಂತ ಕೊಟ್ಟೆ. ಆಗ ಎದ್ರು ಮಹಾರಾಯ್ರು.

ತಿಂಗ್ಳಾದ್ಮೇಲೆ ಬಂದ್ರು ನೋಡಿ, ನಾಯಿ ಸರಪಳಿ ಜಗ್ಗಿದ ರಭಸಕ್ಕೆ ಅವ್ರೇ ಹಿಂದೆ ಓಡ್ತಾ ಬಂದ್ರು! ನಂಗೆ ಖುಷಿಯಾಗಿ, “ಔಷ್ದಿ ಸರಿಯಾಗ್ ಕುಡೀತಾ ಯಜಮಾನ್ರೇ?” ಅಂದೆ.

“ಅದೆಲ್ ಕುಡೀತದಪ್ಪ, ಮೂಸಿ ಮಕ ತಿರುಗಿಸ್ತು. ಚೆಲ್ಲಾಕೆ ಮನಸ್ ಬರ್ಲಿಲ್ಲ, ನಾನೇ ಕುಡ್ದೆ. ನನ್ ಹೊಟ್ಟೆ ಉಬ್ರ ಹೋಗ್ಬುಡ್ತು. ನಾಯಿ ಹೆಸ್ರಲ್ಲೇ ಇನ್ನೊಂದು ಬಾಟ್ಲು ಕೊಡು.”

ಸಿರಾ ಇಲಿ

ಸಿರಾದಾಗೆ ಕಂಬ್ಳಿ ಅಂಗ್ಡಿ ಸಾಹೇಬ್ರು ಒಬ್ರು. ಇಲಿ ಕಂಬ್ಳಿ ಕಡೀತದೆ ಅಂತ ಬೆಕ್ಕು ಸಾಕಿದ್ರು, ಆದ್ರೆ ಅದಕ್ಕೆ ಚಾದಾಗೆ ಅದ್ದಿದ ಬ್ರೆಡ್ಡು ತಿನ್ಸಿ ತಿನ್ಸಿ, ಇಲಿ ಬಂದು ಬೆಕ್ಕಿನ ಬಾಲ ದಾಟ್ಕಂಡು ಹೋಗೋದು. ಡಾಕ್ಟ್ರು ಪಟ್ಟಿ ಹೇಳಿದ್ರು, ನಾನು ಬರ್ದೆ: ಕೆರೆ ಮೀನಿನ ತಲೆ, ಕುರಿ ಗುಂಡಿಗೆ ಚೂರು, ಬೆಂದ ಮೊಟ್ಟೆ. ಬರ್ಕೊಟ್ಟು ಸುಮ್ನಿರ್ಬಾರ್ದಾ ನಾನು? “ಪಟ್ಟೀಲಿ ಇರೋದ್ ಬುಟ್ಟು ಬೇರೆ ಏನೂ ಬಾಯಿಗೆ ಹೋಗ್ಬಾರ್ದು ಸಾಹೇಬ್ರೇ” ಅಂತ ಸೇರಿಸ್ದೆ.

ಹದಿನೈದು ದಿನ ಬಿಟ್ಟು ಹೋದ್ವಿ. ನಾವು ಅಂಗ್ಡಿ ಮೆಟ್ಲು ಹತ್ತೋದೇ ತಡ, ಬೆಕ್ಕು ಹುಲಿ ಥರ ಕಂಬ್ಳಿ ಅಟ್ಟಿ ಮೇಲಿಂದ ಹಾರಿ ದೊಡ್ಡದೊಂದು ಇಲಿ ಹಿಡೀತು! ನಾನು ಚಪ್ಪಾಳೆ ತಟ್ಟಿದ್ರೆ, ಸಾಹೇಬ್ರು ಗಿರಾಕಿನ ಅಲ್ಲೇ ಬುಟ್ಟು, ಬೆಕ್ಕನ್ನ ಅಂಗ್ಡಿ ತುಂಬಾ ಅಟ್ಟಾಡಿಸಿ ಹಿಡ್ದು, ಬಾಯಿಂದ ಇಲಿ ಕಿತ್ಕಂಡು ಬೀದಿಗೆ ಎಸುದ್ರು. ಇಲಿ ಎದ್ದು ಮೈ ಕೊಡವ್ಕಂಡು ವಾಪಸ್ ಅಂಗ್ಡಿ ಒಳಕ್ಕೇ ಓಡ್ತು.

“ಯಾಕ್ ಸಾಹೇಬ್ರೇ!” ಅಂತ ಕಿರುಚ್ದೆ.

ಸಾಹೇಬ್ರು ಜೇಬಿಂದ ನನ್ನ ಪಟ್ಟಿ ತೆಗ್ದು ಮುಂದೆ ಹಿಡಿದ್ರು. “ಪರ್ಹೇಜ್ ಅಂದ್ರೆ ಪರ್ಹೇಜ್ ಭಾಯ್, ಪಥ್ಯ ಅಂದ್ರೆ ಪಥ್ಯ. ಇದ್ರಾಗೆ ಇಲಿ ಎಲ್ಲಿ ಬರ್ದೈತೆ ತೋರ್ಸು.”

ಡಾಕ್ಟ್ರು ಪೆನ್ನು ತೆಗ್ದು, ಕೆಳಗಡೆ ‘ಇಲಿ, ಎಷ್ಟಾದರೂ’ ಅಂತ ಬರ್ದು ಸೈನ್ ಹಾಕಿದ್ರು.

ಪಾವಗಡದ ಬಾಣಂತಿ

ಪಾವಗಡದಾಗೆ ಒಬ್ಬ ಅಜ್ಜಿ. ಅವಳ ನಾಯಿ ನಾಲ್ಕು ಮರಿ ಹಾಕಿ ಎದ್ದೇಳ್ತಾ ಇಲ್ಲ ಅಂತ ಕರ್ಸಿದ್ಳು. ಹೋಗಿ ನೋಡಿದ್ರೆ ನಾಯಿ ಹೊಟ್ಟೆಗೆ ಹಳೇ ಸೀರೆ ಬಿಗ್ದು, ಕಿವಿಗೆ ಹತ್ತಿ ತುರುಕಿ, ಪಕ್ಕದಾಗೆ ಸಾಂಬ್ರಾಣಿ ಹೊಗೆ ಹಾಕ್ಯವ್ಳೆ! ತಿನ್ನಾಕೆ ಒಂದ್ ಹಿಡಿ ಅನ್ನ, ಮೆಣಸಿನ ಸಾರು. ನೀರಂತೂ ಇಲ್ವೇ ಇಲ್ಲ.

“ಅಜ್ಜಿ, ಹೊಟ್ಟೆ ತುಂಬಾ ಮುದ್ದೆ, ಮೂಳೆ ಕಟ್ಟು, ಮೊಟ್ಟೆ ಕೊಡು. ನೀರು ಇಡು. ಇಲ್ದಿದ್ರೆ ಹಾಲು ಬತ್ತೋಯ್ತದೆ” ಅಂದೆ.

“ಏಮಿ ನಾಯ್ನಾ, ನುವ್ವು ಎನ್ನಿ ಕಾನ್ಪುಲು ಚೂಸಿನಾವು?” ಅಂದ್ಳು. ನೀನೆಷ್ಟು ಹೆರಿಗೆ ನೋಡಿದ್ದೀಯ ಅಂತ! “ಕೂಸು ಹಾಲು ಕುಡಿಯೋ ತನ್ಕ ತಾಯಲ್ವೇನಪ್ಪ ಪಥ್ಯ ಇರೋದು? ನಿಮ್ಮವ್ವ ಇರ್ಲಿಲ್ವಾ?” ಅಂತ ನನ್ನನ್ನೇ ಕೇಳಿದ್ಳು. ಡಾಕ್ಟ್ರು ಸೀರೆ ಬಿಚ್ಚಿ, ನೀರಿಟ್ಟು, ಇನ್ನೊಂದ್ ಸಲ ಹೇಳಿ ಬಂದ್ರು.

ವಾರ ಬಿಟ್ಟು ಹೋದ್ರೆ ನಾಯಿ ಮಲ್ಗಿದ್ದ ಮೂಲೆ ಖಾಲಿ! “ಅಜ್ಜಿ, ನಾಯಿ ಏನಾಯ್ತು?”

ಅಜ್ಜಿ ಎಲೆ ಅಡ್ಕೆ ಮೆಲ್ತಾ ಎದುರುಗಡೆ ಮನೆ ತೋರ್ಸಿದ್ಳು. ಅಲ್ಲಿ ನಾಯಿ ಗುಂಡಗೆ ಕುಂತು ಮೂಳೆ ಕಡೀತೈತೆ, ನಾಲ್ಕು ಮರೀನೂ ಹಾಲಿಗೆ ಬಿದ್ದವೆ. ನೀವು ಬಂದ್ಹೋದ ಮಾರನೇ ದಿನಾನೇ ಒಂದೊಂದೇ ಮರಿ ಬಾಯಾಗೆ ಕಚ್ಕಂಡು ಬೀದಿ ದಾಟ್ತು ಅಂತ ಅಜ್ಜೀನೇ ಹೇಳಿದ್ಳು.

“ಅದು ಹುಟ್ಟಿದ್ದು ಆ ಮನ್ಯಾಗೇ. ಬಾಣಂತಿ ತವರಿಗೆ ಹೋಗ್ಯದೆ ಬುಡಪ್ಪ. ಐದು ತಿಂಗ್ಳು ತುಂಬ್ಲಿ, ನಾನೇ ಕುಂಕುಮ ಇಟ್ಟು ಕರ್ಕಂಡ್ ಬತ್ತೀನಿ.”

ಮಧುಗಿರಿ ಸೈನು

ಎರಡು ತಿಂಗ್ಳು ತುಂಬ್ತು. ಕಾಗ್ದ ಮಡಿಚ್ಕಂಡು ಅಮಲ್ದಾರ್ರ ಮನೆಗೆ ಹೋದೆ. ಗೇಟು ತೆಗ್ದಿದ್ದೇ ನಾಯಿ ಹಾರ್ಕಂಡ್ ಬಂತು, ಮೈ ತುಂಬಾ ಕೂದ್ಲು, ಎಣ್ಣೆ ಹಚ್ಚಿದಂಗೆ ಪಳಪಳ! ನನ್ ಕೆಲ್ಸ ಪರ್ಮನೆಂಟ್ ಅಂದ್ಕಂಡು ತಲೆ ಎತ್ತಿದ್ರೆ, ಬಾಗ್ಲಲ್ಲಿ ಅಮಲ್ದಾರ್ರು. ಅರ್ಧ ಆಗೋಗವ್ರೆ! ಕೋಟಿನೊಳಗೆ ಇನ್ನೊಬ್ರು ಹಿಡಿಯೋವಷ್ಟು ಜಾಗ. ನನ್ ರಟ್ಟೆ ಹಿಡಿದು ಬಾಗ್ಲ ಹಿಂದಕ್ಕೆ ಎಳ್ಕಂಡ್ರು.

“ಏನಯ್ಯಾ, ನೀನು ಪಥ್ಯ ಹೇಳಿದ್ದು ನಾಯಿಗೋ, ನನಗೋ?”

“ನಾಯಿಗೇ ಸ್ವಾಮಿ!”

“ಹಾಗಂತ ಒಳಗೆ ಹೇಳು ಹೋಗು! ಮಕ್ಕಳಿಲ್ಲದ ಮನೆ, ಅವಳಿಗೆ ಇದೇ ಮಗ. ಕೂಸಿಗೆ ಔಷಧಿ ಆಗ್ತಿದ್ರೆ ಅಪ್ಪ ಅಮ್ಮ ಪಥ್ಯ ಇರಬೇಕು ಅಂತ, ತಾನೂ ಕಾಫಿ ಬಿಟ್ಟಳು, ನನಗೂ ಬಿಡಿಸಿದಳು. ಮೊಟ್ಟೆ ಒಂದು ಬಿಟ್ಟು ಅದರ ತಟ್ಟೇಲಿರೋದೇ ನನ್ನ ಎಲೇಲಿ!”

“ಕಚೇರಿನಾಗಾದ್ರೂ ಒಂದ್ ಲೋಟ ತರಿಸ್ಕಂಡು...”

“ಜವಾನನ ಕೈಲಿ ಆಣೆ ಹಾಕಿಸಿದ್ದಾಳೆ. ಹೋಟೆಲ್ ಭಟ್ಟರಿಗೂ ಹೇಳಿ ಕಳಿಸಿದ್ದಾಳೆ. ಇಡೀ ತಾಲ್ಲೂಕಿಗೆ ಹುಕುಂ ಕೊಡೋನು ನಾನು, ಒಂದು ಲೋಟ ಕಾಫಿಗೆ ಗತಿಯಿಲ್ಲ! ಪಥ್ಯ ಮುಗೀತು ಅಂತ ಒಳಕ್ಕೆ ಕೇಳೋ ಹಾಗೆ ಕೂಗು. ಎಲ್ಲಿ, ಕಾಗದ ಕೊಡು.”

ಕಾಗ್ದ ಕೊಟ್ಟೆ. ಅವ್ರು ಮೇಜಿನ ಮೇಲಿಟ್ಟು ಪೆನ್ನು ಬಿಚ್ಚಿದ್ರು. ನಾನು ಕೂಗ್ದೆ, “ಅಮ್ಮಾವ್ರೇ, ನಾಯಿ ಇನ್ಮುಂದೂ ಇದೇ ಊಟ ಮಾಡ್ಲಿ, ಆದ್ರೆ ಪಥ್ಯ ಮುಗೀತು!”

ಅಮ್ಮಾವ್ರು ಕೈ ಒರೆಸ್ಕಂಡು ಆಚೆ ಬಂದ್ರು. “ಪಥ್ಯ ಮುಗೀತು, ಸಂತೋಷ. ಮರುಪಥ್ಯ ಎಷ್ಟು ದಿನಪ್ಪಾ?”

ಅಯ್ಯೋ ಅದನ್ನೇ ಮರ್ತಿದ್ದೆ! ನಮ್ ಕಡೆ ನಾಟಿ ಔಷ್ದೀಲಿ ಪಥ್ಯ ಎಷ್ಟು ದಿನಾನೋ, ಮುಗಿದ್ಮೇಲೆ ಇನ್ನೂ ಅಷ್ಟೇ ದಿನ ಅದನ್ನೇ ಮುಂದುವರ್ಸೋದು, ಅದು ಮರುಪಥ್ಯ. ಅಮಲ್ದಾರ್ರು ಹೆಸ್ರಿನ ಮೊದ್ಲ ಅಕ್ಷರ ಬರ್ದಿದ್ರು, ಪೆನ್ನು ನಿಂತೋಯ್ತು.

“ನಾಯಿಗೆ ಮರುಪಥ್ಯ ಬೇಕಾಗಿಲ್ಲ ಅಮ್ಮಾವ್ರೇ” ಅಂದೆ. ಪೆನ್ನು ಮತ್ತೆ ಹೊರಡ್ತು.

“ನಾಯಿಗೆ ಬೇಡ, ಸರಿ. ಇವರಿಗೆ? ಎರಡು ತಿಂಗಳಲ್ಲಿ ಇವರ ಏದುಸಿರೇ ನಿಂತೋಗಿದೆ. ಮೊನ್ನೆ ಬೆಟ್ಟ ಅರ್ಧ ಹತ್ತಿ ಇಳಿದು ಬಂದ್ರು. ಇವರಿಗೆ ಎಷ್ಟು ದಿನ ಹೇಳು.”

ಪೆನ್ನು ಅರ್ಧ ಸೈನಿಗೆ ನಿಂತ್ಬುಡ್ತು. ಅಮಲ್ದಾರ್ರು ನನ್ನನ್ನೇ ನೋಡಿದ್ರು. ನಾನು ಪೆನ್ನನ್ನೇ ನೋಡ್ದೆ.

“ಸಾಹೇಬ್ರು ಸೈನ್ ಮುಗಿಸ್ಲಿ ಅಮ್ಮಾವ್ರೇ,” ಅಂದೆ, “ಆಮೇಲೆ ಹೇಳ್ತೀನಿ.”